ಮಟ್ಟಿಯ ಮೇಲೆ ತಂದೆ–ಮಗ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮ ಮನೆಗೆ ಬಂದಿದ್ದ. ವಿದ್ಯಾರ್ಥಿ ಎಂದು ಬಾಯಿಗೆ ಬಂದರೂ ಅವನಿಗೀಗ ಅರವತ್ತು ದಾಟಿದೆ; ಸರ್ಕಾರಿ ಕೆಲಸದಿಂದ ನಿವೃತ್ತನೂ ಆಗಿದ್ದಾನೆ. ಜೊತೆಯಲ್ಲಿ ಆರು ವರ್ಷದ ಮೊಮ್ಮಗನಿದ್ದ. ನಾವಿಬ್ಬರೂ ಕಾಫಿ ಕುಡಿಯುತ್ತ ಹಳೆಯ ದಿನಗಳನ್ನು ನೆನೆಯುತ್ತಿರುವಾಗ ಆ ಹುಡುಗ ಬೇಸರಗೊಂಡು ಅಜ್ಜನ ಕಾಲನ್ನು ತಬ್ಬಿ ಎಳೆಯತೊಡಗಿದ. ಅಜ್ಜ ಮಾತು ನಿಲ್ಲಿಸದೆಯೇ ಕೆಳಗಿಳಿದು, ಒಂದು ಅಂಗೈಯನ್ನು ಹುಡುಗನ ಹಿಂದಲೆಗೆ ಕೊಟ್ಟು, ಮೆಲ್ಲನೆ ಅವನನ್ನು ಚಾಪೆಯ ಮೇಲೆ ಉರುಳಿಸಿದ. ಮರುಕ್ಷಣ ತಾನೇ ಅಂಗಾತ ಬಿದ್ದು "ಗೆದ್ದೆಯಪ್ಪ, ಬಿಡು" ಎಂದ. ಹುಡುಗನ ತಲೆಯ ಕೆಳಗೆ ಹೋದ ಆ ಅಂಗೈಯನ್ನು ಕಂಡು ನನಗೆ ಐವತ್ತು ವರ್ಷಗಳ ಹಿಂದಿನ ಒಂದು ಮುಂಜಾವು ನೆನಪಾಯಿತು. ಆ ಮುಂಜಾವಿನ ಬಳಿಕ ನಾನು ಆಡಿದ ಒಂದು ಮಾತೂ ನೆನಪಾಯಿತು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಸ್ವಲ್ಪ ಚರಿತ್ರೆ. ಮೇಷ್ಟರ ಚಾಳಿ ನಿವೃತ್ತಿಯಿಂದ ಹೋಗುವಂಥದ್ದಲ್ಲವಷ್ಟೆ!

ಹೆತ್ತವರೂ ಮಕ್ಕಳೂ ಎದುರುಬದುರು ನಿಂತು ಸೆಣಸುವುದು ನಮ್ಮ ಕಾವ್ಯಗಳಿಗೆ ಹೊಸದಲ್ಲ. ಕನ್ನಡದ ಮೇಷ್ಟರು ರಜೆ ಹಾಕಿದಾಗಲೆಲ್ಲ ನಾನು ನಿಮ್ಮ ತರಗತಿಗೆ ಬಂದು ಲಕ್ಷ್ಮೀಶನ ಜೈಮಿನಿ ಭಾರತದ ಕಥೆ ಹೇಳುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು. ಬಭ್ರುವಾಹನ ಬಂದವನು ತನ್ನ ತಂದೆಯೆಂದು ತಿಳಿದು, ಯಜ್ಞದ ಕುದುರೆಯನ್ನು ಒಪ್ಪಿಸಿ ಕಾಲಿಗೆರಗುತ್ತಾನೆ. ಅರ್ಜುನ ಅವನನ್ನು ಮಗನೆಂದು ಒಪ್ಪದೆ ಹೀಯಾಳಿಸುತ್ತಾನೆ. ಯುದ್ಧವಾಗುತ್ತದೆ, ತಂದೆ ಮಡಿಯುತ್ತಾನೆ, ಕೊನೆಗೆ ನಾಗಲೋಕದ ಮಣಿಯಿಂದ ಬದುಕುತ್ತಾನೆ. ಲವಕುಶರು ರಾಮನ ಸೇನೆಯನ್ನೇ ತಡೆದು ನಿಲ್ಲಿಸಿದರು. ಪಾರಸಿಕರ ಫಿರ್ದೌಸಿಯ ಷಾಹನಾಮೆಯಲ್ಲಿ ರುಸ್ತುಮನ ಕೈಯಿಂದಲೇ ಅವನ ಮಗ ಸೊಹ್ರಾಬ ಸಾಯುತ್ತಾನೆ. ಅಲ್ಲಿ ಬದುಕಿಸುವ ಮಣಿಯೂ ಇಲ್ಲ. ಈ ಎಲ್ಲ ಕಾಳಗಗಳ ಮೂಲದಲ್ಲಿರುವುದು ಒಂದೇ ಸಂಗತಿ. ತಂದೆಗೆ ಮಗನ ಗುರುತಿಲ್ಲ, ಅಥವಾ ಗುರುತಿದ್ದರೂ ಒಪ್ಪುವ ಮನಸ್ಸಿಲ್ಲ.

ಗರಡಿಯಲ್ಲಿ ನಡೆಯುವ ತಂದೆಮಕ್ಕಳ ಸೆಣಸಾಟದ ಬಗೆ ಬೇರೆ. ಅಲ್ಲಿ ಗುರುತು ಮೊದಲೇ ಇದೆ. ಸೆಣಸುತ್ತ ಸೆಣಸುತ್ತ ಅದು ಗಟ್ಟಿಯಾಗುತ್ತದೆ. ಇದನ್ನು ಯಾವ ಕವಿಯೂ ದೊಡ್ಡದಾಗಿ ವರ್ಣಿಸಿದಂತೆ ಕಾಣೆ. ದಿನನಿತ್ಯದ ಕೆಲಸವಾದ್ದರಿಂದ ಚರಿತ್ರೆಕಾರರ ಕಣ್ಣಿಗೂ ಹೆಚ್ಚಾಗಿ ಬೀಳಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಅರಸರ ಮುಂದೆ ನಡೆದ ಕುಸ್ತಿ.

ಆ ದಾಖಲೆಗಳೇನೂ ಕಡಿಮೆಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಭಾಗವೇ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳ ಪ್ರಕಾರ ಹೇಗೆ ವಿಂಗಡಿಸಬೇಕು, ಅವರಿಗೆ ಯಾವ ಆಹಾರ ಕೊಡಬೇಕು, ಅವರ ಅಭ್ಯಾಸ ಹೇಗಿರಬೇಕು ಎಂಬುದನ್ನೆಲ್ಲ ಆ ಅರಸ ಕೂತು ಬರೆದಿಟ್ಟಿದ್ದಾನೆ. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ ಇವುಗಳನ್ನು ಒದಗಿಸುವುದು ಅರಸನದೇ ಹೊಣೆ. ಇಂದಿನ ಕ್ರೀಡಾ ವಸತಿ ನಿಲಯಗಳ ನಿಯಮಾವಳಿಯನ್ನು ಓದಿದಂತೆಯೇ ಅನಿಸುತ್ತದೆ.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನು ವಿವರಿಸಿದ್ದಾನೆ. ರಾಯ ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆಯನ್ನು ಕುಡಿದು, ಮೈಗೂ ಅದನ್ನೇ ಹಚ್ಚಿಸಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತುತ್ತಿದ್ದ; ಆಮೇಲೆ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿವರಸೆ; ಅದರ ಬಳಿಕ ಒಬ್ಬ ಜಟ್ಟಿಯೊಡನೆ ಕುಸ್ತಿ; ಕೊನೆಗೆ ಕುದುರೆ ಸವಾರಿ. ಮಹಾನವಮಿಯ ಮಲ್ಲಯುದ್ಧಗಳನ್ನೂ ಪಾಯೆಸ್ ಕಂಡಿದ್ದ. ಹಲ್ಲು ಮುರಿಯುವ, ಕಣ್ಣು ಹೋಗುವ, ಮುಖ ವಿಕಾರವಾಗುವ ಹೊಡೆತಗಳ ಮಾತು ಅವನ ಬರಹದಲ್ಲಿದೆ. ಒಂದೇ ಬರಹದಲ್ಲಿ ಎರಡು ಚಿತ್ರಗಳನ್ನು ಗಮನಿಸಿ. ಹಬ್ಬದ ದಿನ ಸಾವಿರಾರು ಜನರ ಮುಂದೆ ನೆತ್ತರು ಹರಿಸುವ ಹೊಡೆದಾಟ. ಮುಂಜಾನೆ ಯಾರೂ ಕಾಣದ ಹೊತ್ತಿನಲ್ಲಿ ಪೆಟ್ಟಾಗದಂತೆ ನಡೆಯಬೇಕಾದ ಅಭ್ಯಾಸ. ಮೊದಲನೆಯದು ಎರಡನೆಯದರ ಮೇಲೆ ನಿಂತಿದೆ.

ಮೈಸೂರಿನ ಜಟ್ಟಿ ಮನೆತನಗಳ ಕಥೆಯಲ್ಲಿ ಈ ಎರಡೂ ಮುಖಗಳು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತವೆ. ಜ್ಯೇಷ್ಠಿಮಲ್ಲರೆಂದು ಕರೆದುಕೊಳ್ಳುವ ಇವರ ಮೂಲ ಗುಜರಾತಿನ ಮೊಢೇರ. ಇವರ ಕುಲವಿದ್ಯೆಯನ್ನು ಹೇಳುವ ಮಲ್ಲಪುರಾಣವೆಂಬ ಸಂಸ್ಕೃತ ಗ್ರಂಥ 1964ರಲ್ಲಿ ಬರೋಡದಿಂದ ಪ್ರಕಟವಾಯಿತು. ಇವರ ಕುಲದೇವತೆ ನಿಂಬಜಾ ದೇವಿ. ದಕ್ಷಿಣಕ್ಕೆ ಬಂದು ಅರಸರ ಆಶ್ರಯದಲ್ಲಿ ನೆಲೆಸಿದ ಈ ಮನೆತನಗಳವರು ಮೈಸೂರು ದಸರೆಯ ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ನಡೆಸುತ್ತ ಬಂದಿದ್ದಾರೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಕೊಂಬಿನಿಂದಲೋ ದಂತದಿಂದಲೋ ಮಾಡಿದ ಮೊನಚಾದ ಮುಷ್ಟಿಯಾಯುಧವನ್ನು ಬಲಗೈಗೆ ತೊಟ್ಟು ಎದುರಾಗುತ್ತಾರೆ. ಎದುರಾಳಿಯ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಜಂಬೂ ಸವಾರಿ ಹೊರಡುವುದು ಅದರ ನಂತರ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿಗಳು ಇದರಲ್ಲಿ ಸೆಣಸುತ್ತಾರೆ. ನೋಡುವವರಿಗೆ ಅದು ಕೆಲವೇ ಕ್ಷಣಗಳ ಆಟ. ಆ ಕ್ಷಣಗಳಿಗಾಗಿ ಮನೆಯಲ್ಲಿ ತಂದೆಯೋ ಚಿಕ್ಕಪ್ಪನೋ ಅಣ್ಣನೋ ಎದುರು ನಿಂತು ವರ್ಷಗಟ್ಟಲೆ ಕಲಿಸಿರುತ್ತಾರೆ.

ಇದು ಮನೆತನದೊಳಗೇ ಉಳಿದುದಕ್ಕೆ ಕುಲಾಭಿಮಾನವೊಂದೇ ಕಾರಣವಲ್ಲ. ಈ ವಿದ್ಯೆಯ ಸ್ವಭಾವವೇ ಅಂಥದ್ದು. ಮಗ್ಗಿಯನ್ನು ಬಾಯಿಪಾಠ ಮಾಡಿಸಬಹುದು, ವ್ಯಾಕರಣವನ್ನು ಕಪ್ಪುಹಲಗೆಯ ಮೇಲೆ ಬರೆಯಬಹುದು. ಒಂದು ಪಟ್ಟನ್ನು ಹಾಗೆ ಕಲಿಸಲಾಗದು. ಎದುರಾಳಿಯ ಭಾರ ಯಾವ ಕಾಲಿನ ಮೇಲಿದೆ, ಕುತ್ತಿಗೆಯ ಮೇಲಿರುವ ಕೈ ತಳ್ಳುತ್ತಿದೆಯೋ ಎಳೆಯುತ್ತಿದೆಯೋ, ಯಾವ ಕ್ಷಣದಲ್ಲಿ ಉಸಿರು ಬಿಡುತ್ತಾನೆ ಎಂಬುದನ್ನೆಲ್ಲ ಚರ್ಮವೇ ಕಲಿಯಬೇಕು. ಕಲಿಸುವವನು ತನ್ನ ಮೈಯನ್ನೇ ಪಠ್ಯಪುಸ್ತಕದಂತೆ ಒಡ್ಡಬೇಕು. ಆ ಪುಸ್ತಕ ಹುಡುಗನ ವಯಸ್ಸಿಗೆ ತಕ್ಕಂತೆ ದಿನದಿನವೂ ಬದಲಾಗಬೇಕು. ಹತ್ತು ವರ್ಷದವನಿಗೆ ಒಂದಿಷ್ಟು ಬಲ, ಹದಿನೈದು ವರ್ಷದವನಿಗೆ ಇನ್ನಷ್ಟು. ಹೆಚ್ಚಾದರೆ ಮೂಳೆ ಉಳುಕುತ್ತದೆ. ಕಡಿಮೆಯಾದರೆ ಹುಡುಗ ಸುಳ್ಳು ಗೆಲುವನ್ನು ನಂಬಿ ಕೆಡುತ್ತಾನೆ. ಜಟ್ಟಿಗಳು ಮೂಳೆ ಸರಿಪಡಿಸುವುದರಲ್ಲಿಯೂ ಅಂಗಮರ್ದನದಲ್ಲಿಯೂ ಹೆಸರಾಗಿದ್ದುದು ಆಕಸ್ಮಿಕವಲ್ಲ. ಕೈಯನ್ನು ತಿರುಚಬಲ್ಲವನಿಗೆ ಅದನ್ನು ಸರಿಪಡಿಸಲೂ ತಿಳಿದಿರಬೇಕು. ಎದುರಿಗಿರುವುದು ಸ್ವಂತ ಮಗನ ಕೈಯಾದರೆ ಕೇಳಬೇಕೆ?

ಜಟ್ಟಿಗಳ ಹೊರಗೂ ಈ ವಿದ್ಯೆ ಹಬ್ಬಿತು. ಮೈಸೂರನ್ನು 1638ರಿಂದ 1659ರ ತನಕ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರ ಮಲ್ಲಸಾಹಸದ ಐತಿಹ್ಯವನ್ನು ನೀವೆಲ್ಲ ಕೇಳಿದ್ದೀರಿ. ಮಾರುವೇಷದಲ್ಲಿ ತಿರುಚಿರಾಪಳ್ಳಿಗೆ ಹೋಗಿ ಅಲ್ಲಿನ ಗರ್ವಿಷ್ಠ ಜಟ್ಟಿಯನ್ನು ಸೋಲಿಸಿದ ಕಥೆಯದು. 1960ರ ರಾಜಕುಮಾರ್ ಚಿತ್ರದ ಮೂಲಕ ಅವರ ಹೆಸರು ಹಳ್ಳಿಹಳ್ಳಿಗೂ ಹೋಯಿತು. ಮೈಸೂರಿನ ಕೇರಿಕೇರಿಯಲ್ಲಿಯೂ ಗರಡಿಮನೆಗಳು ಎದ್ದವು. ಕುಲ ಯಾವುದಾದರೂ ಕಲಿಯುವ ಕ್ರಮ ಒಂದೇ. ತಲೆ ಬಾಗಿಯೇ ಒಳಹೋಗಬೇಕಾದ ಕಿರುಬಾಗಿಲು, ಎದುರಿಗೆ ಆಂಜನೇಯ, ನಡುವೆ ಎಣ್ಣೆ, ಅರಿಸಿನ, ಮಜ್ಜಿಗೆಗಳನ್ನು ಬೆರೆಸಿ ಹದಮಾಡಿದ ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಒರಗಿಸಿದ ಗದೆ, ಲೋಡುಗಳು. ಮುಂಜಾನೆ ದಂಡೆ, ಬಸ್ಕಿ. ಅನಂತರ ಉಸ್ತಾದರ ಕಣ್ಣೆದುರು ಜೋರು, ಅಂದರೆ ಅಭ್ಯಾಸದ ಕುಸ್ತಿ.

ಕನ್ನಡ ನುಡಿಯೇ ಈ ಮಣ್ಣನ್ನು ಮೈಗೆ ಹಚ್ಚಿಕೊಂಡಿದೆ. ಹಟ ಮಾಡುವವನು ಪಟ್ಟು ಹಿಡಿಯುತ್ತಾನೆ, ಸವಾಲು ಹಾಕುವವನು ತೊಡೆ ತಟ್ಟುತ್ತಾನೆ, ಸೋತವನು ಮಣ್ಣು ಮುಕ್ಕುತ್ತಾನೆ, ಒಳ್ಳೆಯ ಶಿಷ್ಯ ಇಂಥವರ ಗರಡಿಯಲ್ಲಿ ಪಳಗಿದವನೆನ್ನಿಸಿಕೊಳ್ಳುತ್ತಾನೆ. ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಎಂಬ ಗಾದೆಯನ್ನು ನಾವು ಜಂಭದವರನ್ನು ಹಾಸ್ಯ ಮಾಡಲು ಬಳಸುತ್ತೇವೆ. ಆದರೆ ಅಭ್ಯಾಸದ ಮಟ್ಟಿಯ ಮೇಲೆ ಅದು ಅಕ್ಷರಶಃ ಸತ್ಯ. ಮಗನಿಗೆ ಕಲಿಸುವ ತಂದೆ ಬೇಕೆಂದೇ ಜಾರಿ ಬೀಳುತ್ತಾನೆ. ಆ ಬೀಳುವಿಕೆಯೂ ಅವನ ವಿದ್ಯೆಯ ಒಂದು ಪಟ್ಟು.

ಇನ್ನು ನನ್ನ ಕಥೆಗೆ ಬರುತ್ತೇನೆ.

1974ರಲ್ಲಿ ನಾನು ಹಳೆಯ ಮೈಸೂರು ಸೀಮೆಯ ಒಂದು ಊರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗ ಮೊದಲ ಪಿರಿಯಡ್ಡಿನಲ್ಲಿಯೇ ತೂಕಡಿಸುತ್ತಿದ್ದ. ಕಿವಿಯ ಸಂದಿಯಲ್ಲಿ ಕೆಮ್ಮಣ್ಣು. ವಿಚಾರಿಸಿದರೆ, ನಸುಕಿನಲ್ಲಿಯೇ ಎದ್ದು ತಂದೆಯೊಡನೆ ಗರಡಿಗೆ ಹೋಗುತ್ತಾನೆಂದು ತಿಳಿಯಿತು. ತಂದೆ ಮಂಡಿಯಲ್ಲಿ ಮೂಟೆ ಹೊರುವವರು. ಹೊಸ ಮೇಷ್ಟರ ಉತ್ಸಾಹ ನನ್ನದು. ಒಂದು ದಿನ ಬೆಳಗಿನ ಐದು ಗಂಟೆಗೆ ನಾನೇ ಅಲ್ಲಿಗೆ ಹೋದೆ.

ಒಳಗೆ ಒಂದು ಎಣ್ಣೆಯ ದೀಪವಿತ್ತು. ತಂದೆ–ಮಗ ಮಟ್ಟಿಗೆ ಇಳಿದಿದ್ದರು. ಇಬ್ಬರೂ ಹಿಡಿ ಮಣ್ಣನ್ನು ತೆಗೆದು ಒಬ್ಬರ ಭುಜದ ಮೇಲೊಬ್ಬರು ಹಾಕಿ, ಕೈ ಮುಟ್ಟಿ ಹಣೆಗೆ ಒತ್ತಿಕೊಂಡರು. ಅಲ್ಲಿಂದ ಮುಂದೆ ಮಾತಿಲ್ಲ. ಹುಡುಗ ಕಾಲಿಗೆ ನುಗ್ಗಿದ. ತಂದೆ ಸೊಂಟವನ್ನು ಹಿಂದಕ್ಕೆ ಸರಿಸಿ ಅವನ ಕುತ್ತಿಗೆಯ ಮೇಲೆ ಭಾರ ಬಿಟ್ಟರು. ಹುಡುಗ ಒದ್ದಾಡಿ ಪಕ್ಕಕ್ಕೆ ತಿರುಗಿದಾಗ ಆ ಭಾರ ತಾನಾಗಿಯೇ ಹಗುರವಾಯಿತು. ತಿರುಗದೆ ನೇರವಾಗಿ ತಳ್ಳಿದಾಗ ಮತ್ತೆ ಬಿಗಿಯಾಯಿತು. ಸರಿಯಾದ ದಾರಿಯನ್ನು ಬಾಗಿಲು ತೆರೆದಂತೆ ತೆರೆಯುವುದು, ತಪ್ಪು ದಾರಿಯನ್ನು ಮುಚ್ಚುವುದು, ಇಷ್ಟೇ ಪಾಠ. ಒಮ್ಮೆ ಹುಡುಗ ಎತ್ತರದಿಂದ ಹಿಂದಕ್ಕೆ ಬಿದ್ದ. ಬೀಳುವ ಮೊದಲೇ ತಂದೆಯ ಅಂಗೈ ಅವನ ಹಿಂದಲೆಯ ಕೆಳಗಿತ್ತು. ಕೊನೆಯಲ್ಲಿ ತಂದೆ ಅಂಗಾತವಾದರು. ಹುಡುಗ ಎದೆಯ ಮೇಲೆ ಕೂತು ನಕ್ಕ. ಅವರು ಮಗನ ಬೆನ್ನಿನ ಮಣ್ಣನ್ನು ಎರಡೂ ಕೈಗಳಿಂದ ಒರೆಸಿ, ತೋಳುಗಳನ್ನು ನೀವಿದರು.

ನಾನು ಇದನ್ನೆಲ್ಲ ಕಂಡೆ, ನನಗೆ ಅರ್ಥವಾಗಲಿಲ್ಲ. ಹೊರಗೆ ಬಂದ ತಂದೆಗೆ, ಹುಡುಗ ಬುದ್ಧಿವಂತ, ಹೀಗೆ ನಿದ್ದೆಗೆಟ್ಟರೆ ಎಸ್ಸೆಸ್ಸೆಲ್ಸಿ ದಾಟುವುದಿಲ್ಲ, ಕುಸ್ತಿಯಿಂದ ಹೊಟ್ಟೆ ತುಂಬುವ ಕಾಲ ಹೋಯಿತು, ನಾಳೆಯಿಂದ ಬಿಡಿಸಿ ಎಂದು ಉಪದೇಶ ಮಾಡಿದೆ. ಆ ಮನುಷ್ಯ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಕೈ ಮುಗಿದು, "ಆಗಲಿ ಸ್ವಾಮಿ, ವಿದ್ಯೆ ಮುಖ್ಯ" ಎಂದರು. ಮಾರನೆಯ ದಿನದಿಂದ ಹುಡುಗನ ಕಿವಿಯಲ್ಲಿ ಮಣ್ಣಿರಲಿಲ್ಲ. ಅದೇ ವಾರ ನಾನು ತರಗತಿಯಲ್ಲಿ ಕೃಷ್ಣದೇವರಾಯನ ಸಾಮು, ಕುಸ್ತಿಗಳನ್ನು ರಸವತ್ತಾಗಿ ಬಣ್ಣಿಸಿದೆನೆಂಬುದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಕಾಲದ ಬಗ್ಗೆ ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಸಂಸ್ಥಾನಗಳು ವಿಲೀನವಾಗಿದ್ದವು, 1971ರಲ್ಲಿ ಮಾಜಿ ಅರಸರ ರಾಜಧನವೂ ರದ್ದಾಗಿತ್ತು. ಜಟ್ಟಿಗಳನ್ನು ಸಾಕುವ ಅರಮನೆಗಳಿರಲಿಲ್ಲ. ಹಾಲು, ತುಪ್ಪ, ಬಾದಾಮಿಗಳ ಖರ್ಚನ್ನು ಕೂಲಿಕಾರನ ಸಂಸಾರ ಎಲ್ಲಿಂದ ತೂಗಿಸಬೇಕು? ಸ್ಪರ್ಧೆಗಳೂ ಮಣ್ಣಿನಿಂದ ಮ್ಯಾಟಿಗೆ ಸರಿಯುತ್ತಿದ್ದವು. ಗರಡಿಗಳು ಒಂದೊಂದಾಗಿ ಗೋದಾಮುಗಳಾದವು. ಆದರೆ ಹೊಟ್ಟೆಪಾಡಿನ ಲೆಕ್ಕದ ಆಚೆಗೆ ಅಲ್ಲಿ ಇನ್ನೇನು ನಡೆಯುತ್ತಿತ್ತು ಎಂಬುದನ್ನು ನಾನು ಕೇಳಿಕೊಳ್ಳಲೇ ಇಲ್ಲ.

ನಮ್ಮ ಗರಡಿಗಳ ಒಂದು ಕೊರತೆಯನ್ನೂ ಹೇಳಬೇಕು. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಮಗಳಿಗೋ ತಾಯಿಗೋ ಈ ಪಾಠದಲ್ಲಿ ಪಾಲಿಲ್ಲವೇ ಎಂದು ಕೇಳುವವರಿಗೆ ಉತ್ತರ ನಮ್ಮ ನೆರೆಯ ಮಲಬಾರಿನಲ್ಲಿದೆ. ಅಲ್ಲಿಯ ಕಳರಿ ನಮ್ಮ ಗರಡಿಯ ದಾಯಾದಿ. ನೆಲವನ್ನು ಕೆಳಕ್ಕೆ ಅಗೆದು, ಪೂರ್ವ–ಪಶ್ಚಿಮವಾಗಿ 42 ಅಡಿ ಉದ್ದ, 21 ಅಡಿ ಅಗಲದ ಅಂಕಣ ಮಾಡುತ್ತಾರೆ. ನೈಋತ್ಯ ಮೂಲೆಯಲ್ಲಿ ಏಳು ಮೆಟ್ಟಿಲಿನ ಪೂತ್ತರ. ಮೊದಲು ಮೈಪಳಗಿಸುವುದು, ಬಳಿಕ ಕೋಲು, ಅನಂತರ ಲೋಹದ ಆಯುಧ, ಕೊನೆಗೆ ಬರಿಗೈ. 19ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಮಲಬಾರಿನಲ್ಲಿ ಆಯುಧಗಳ ಮೇಲೆ ನಿರ್ಬಂಧ ಹೇರಿದಾಗ ಈ ವಿದ್ಯೆ ಬಹುಮಟ್ಟಿಗೆ ಕಣ್ಮರೆಯಾಯಿತು. ಅದನ್ನು ಉಳಿಸಿ ದಾಟಿಸಿದವರು ಕೆಲವೇ ಗುರುಗಳು ಮತ್ತು ಮನೆತನಗಳು. 1850ರಲ್ಲಿ ಹುಟ್ಟಿದ ಕೋಟ್ಟಕ್ಕಲ್ ಕಣಾರನ್ ಗುರುಕ್ಕಳ್ ಊರೂರು ಅಲೆದು, ಅಳಿದುಳಿದ ವರಸೆಗಳನ್ನು ಕಲಿತು, ಮುಂದಿನ ತಲೆಮಾರಿಗೆ ಒಪ್ಪಿಸಿದರು.

ವಟಕರದ ಮೀನಾಕ್ಷಿ ಅಮ್ಮನವರನ್ನು ಅವರ ತಂದೆ ಏಳನೆಯ ವಯಸ್ಸಿನಲ್ಲಿ ಕಳರಿಗೆ ಕರೆದೊಯ್ದರು. ದೊಡ್ಡವಳಾದ ಹುಡುಗಿ ಬಿಟ್ಟುಬಿಡುವುದು ವಾಡಿಕೆ, ಇವರು ಬಿಡಲಿಲ್ಲ. ಕಲಿಸಿದ ರಾಘವನ್ ಗುರುಕ್ಕಳರನ್ನೇ ವಿವಾಹವಾದರು. ಅವರ ಮಕ್ಕಳೂ ಬಾಲ್ಯದಲ್ಲಿಯೇ ಕಳರಿಗೆ ಇಳಿದರು. ಪತಿಯ ಮರಣದ ನಂತರ ಕಳರಿಯ ಹೊಣೆಯನ್ನು ಹೊತ್ತು, ಶುಲ್ಕವಿಲ್ಲದೆ, ಕೊಟ್ಟಷ್ಟು ಗುರುದಕ್ಷಿಣೆಗೆ ಕಲಿಸಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಎಪ್ಪತ್ತು ದಾಟಿದ ಆ ತಾಯಿ ಸೀರೆಯನ್ನು ಬಿಗಿದು ಕಟ್ಟಿ, ಬೆಳೆದ ಮಗನೆದುರು ಕೋಲು, ಕತ್ತಿ–ಗುರಾಣಿ ಹಿಡಿದು ನಿಲ್ಲುವ ದೃಶ್ಯವನ್ನು ನಿಮ್ಮಲ್ಲಿ ಹಲವರು ದೂರದರ್ಶನದಲ್ಲಿಯೋ ಮೊಬೈಲಿನಲ್ಲಿಯೋ ಕಂಡಿರಬಹುದು. ನಾನು ಅದನ್ನು ಮತ್ತೆ ಮತ್ತೆ ನೋಡಿದ್ದೇನೆ. ತಾಯಿಯ ವಯಸ್ಸಾಯಿತೆಂದು ಮಗ ಕೋಲಿನ ವೇಗವನ್ನು ಕಡಿಮೆ ಮಾಡಿದಂತೆ ನನಗೆ ಕಾಣಲಿಲ್ಲ. ತಾಯಿಯೂ ಅದನ್ನು ಬಯಸಿದಂತೆ ಕಾಣಲಿಲ್ಲ. ಇಬ್ಬರ ಕೋಲುಗಳೂ ಕೂದಲೆಳೆಯ ಅಂತರದಲ್ಲಿ ಬಂದು ಸೇರುತ್ತವೆ. ಒಬ್ಬರನ್ನೊಬ್ಬರು ಅಷ್ಟರಮಟ್ಟಿಗೆ ನಂಬುವುದಕ್ಕೆ ಎಷ್ಟು ಸಾವಿರ ಮುಂಜಾವುಗಳು ಬೇಕಾದವೋ!

ಹರಿಯಾಣದ ಬಲಾಲಿ ಗ್ರಾಮದ ಮಹಾವೀರ ಸಿಂಗ್ ಫೋಗಟ್ ತಮ್ಮ ಹೆಣ್ಣುಮಕ್ಕಳನ್ನು ಮಣ್ಣಿಗಿಳಿಸಿದ ಕಥೆ ಎಲ್ಲರಿಗೂ ಗೊತ್ತು. ಹಿರಿಯ ಮಗಳು ಗೀತಾ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. 2016ರಲ್ಲಿ ತಂದೆಗೆ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಅದೇ ವರ್ಷ ತೆರೆಕಂಡ ದಂಗಲ್ ಚಿತ್ರದಲ್ಲಿ, ಹೊಸ ತರಬೇತಿ ಪಡೆದು ಬಂದ ಮಗಳು ವಯಸ್ಸಾದ ತಂದೆಯನ್ನು ಊರವರೆದುರು ಕೆಡವುವ ಸನ್ನಿವೇಶವಿದೆ. ಚಿತ್ರಕಥೆಯ ಕಲ್ಪನೆಯೇ ಇರಲಿ, ಅಲ್ಲಿ ಒಂದು ನಿಜವಿದೆ. ಬೇಕೆಂದು ಬೀಳುತ್ತಿದ್ದ ತಂದೆ ಒಂದು ದಿನ ನಿಜವಾಗಿಯೂ ಬೀಳುತ್ತಾನೆ. ಆ ದಿನಕ್ಕಾಗಿಯೇ ಅವನು ಕಲಿಸಿದ್ದು. ಆದರೂ ಬಿದ್ದಾಗ ನೋಯುತ್ತದೆ. ಮಕ್ಕಳಿಗೂ ನೋಯುತ್ತದೆ.

ನನ್ನ ವಿದ್ಯಾರ್ಥಿಗೆ ಆ ದಿನ ಬರಲೇ ಇಲ್ಲ. ಕಳೆದ ತಿಂಗಳು, ಮೊಮ್ಮಗ ಹೊರಗೆ ಆಡಲು ಹೋದಾಗ, ನಾನು 1974ರ ಮಾತನ್ನೆತ್ತಿ, ಅಂದು ನಿನ್ನನ್ನು ಗರಡಿಯಿಂದ ಬಿಡಿಸಿದ್ದು ತಪ್ಪಾಯಿತೇನೋ ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ:

"ತಪ್ಪು ಅನ್ನಲಾರೆ ಸಾರ್. ನೀವು ಹೇಳದಿದ್ದರೆ ನಾನೂ ಮೂಟೆ ಹೊರುತ್ತಿದ್ದೆ. ಆದರೆ ಅಪ್ಪ ನನ್ನನ್ನು ಮುಟ್ಟುತ್ತಿದ್ದದ್ದು ಅಲ್ಲಿ ಮಾತ್ರ. ಗರಡಿ ಬಿಟ್ಟ ಮೇಲೆ ಅವರು ಸಾಯುವ ತನಕ ಒಮ್ಮೆಯೂ ನನ್ನ ಮೈ ಮುಟ್ಟಲಿಲ್ಲ. ಹೇಗೆ ಮುಟ್ಟಬೇಕೆಂದು ಅವರಿಗೆ ಬೇರೆ ದಾರಿ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಕೊನೆಗಾಲದಲ್ಲಿ ಆಸ್ಪತ್ರೆಯಲ್ಲಿ ಹಿಂದಲೆಗೆ ಕೈಕೊಟ್ಟು ನೀರು ಕುಡಿಸಿದೆ. ಆಗ ಕಣ್ಣು ಬಿಟ್ಟು ನೋಡಿ, ಪಟ್ಟು ಮರೆತಿಲ್ಲ ನೀನು ಅಂದರು."

ನಮ್ಮ ಕಾಲದ ತಂದೆಯರು ಹಾಗೆಯೇ. ಮಗ ಮೀಸೆ ಚಿಗುರುವ ವಯಸ್ಸಿಗೆ ಬಂದನೆಂದರೆ ತಬ್ಬಿಕೊಳ್ಳುವುದು, ಬೆನ್ನು ಸವರುವುದು ಮುಗಿದುಹೋಗುತ್ತಿತ್ತು. ಗರಡಿಗೆ ಹೋಗುವ ಬಡವರಿಗಾದರೂ ಅದಕ್ಕೊಂದು ಮರ್ಯಾದೆಯ ದಾರಿಯಿತ್ತು. ಕುಸ್ತಿಯೆಂಬ ಹೆಸರಿನಲ್ಲಿ ಅವರು ದಿನಾಲೂ ಮಗನನ್ನು ಅಪ್ಪಿಕೊಳ್ಳುತ್ತಿದ್ದರು. ಮೇಷ್ಟರ ಮಗನಾದ ನನಗೆ ಆ ಭಾಗ್ಯವೂ ಇರಲಿಲ್ಲ. ಅದಕ್ಕೇ ಇರಬೇಕು, ಕಣ್ಣೆದುರಿಗಿದ್ದದ್ದನ್ನು ನಾನು ಕಾಣದೆ ಹೋದದ್ದು. ಸ್ವಲ್ಪ ನಿದ್ದೆ ಮಾಡಿಸಿ, ವಾರಕ್ಕೆರಡು ದಿನ ಹೋಗಿ ಎಂದಿದ್ದರೆ ಸಾಕಾಗುತ್ತಿತ್ತು. ಆ ಹುಡುಗ ಎಸ್ಸೆಸ್ಸೆಲ್ಸಿಯನ್ನೂ ದಾಟುತ್ತಿದ್ದ.

ನಿಮ್ಮಲ್ಲಿ ಹಲವರ ಮಕ್ಕಳು ಕರಾಟೆಗೋ ಜೂಡೋಗೋ ಹೋಗುತ್ತಾರೆಂದು ಕೇಳಿದ್ದೇನೆ. ತರಗತಿ ಮುಗಿಯುವ ತನಕ ಹೊರಗೆ ಕಾರಿನಲ್ಲಿ ಕೂತಿರುವ ಬದಲು ಒಂದು ದಿನ ಶಿಕ್ಷಕರ ಅಪ್ಪಣೆ ಕೇಳಿ ಒಳಗೆ ಹೋಗಿ, ಮಗನೆದುರೋ ಮಗಳೆದುರೋ ನಿಂತು ನೋಡಿ. ಗೆಲ್ಲುವುದು ಮುಖ್ಯವಲ್ಲ, ಸೋಲುವುದನ್ನೂ ಅಳತೆಯಿಂದ ಮಾಡಬೇಕೆಂಬುದನ್ನು ಮಾತ್ರ ಮರೆಯಬೇಡಿ.

ಹೊರಡುವಾಗ ಆ ಆರು ವರ್ಷದ ಪೈಲ್ವಾನ ನನ್ನ ಮುಂದೆಯೂ ತೊಡೆ ತಟ್ಟಿ ನಿಂತ. ನನ್ನ ಮೊಣಕಾಲುಗಳು ಒಪ್ಪದ ಕಾರಣ ನಿಂತಲ್ಲಿಯೇ ಸೋಲೊಪ್ಪಿಕೊಂಡು ಅವನ ತಲೆ ಸವರಿದೆ. ಅವನು ಅದನ್ನು ಗೆಲುವೆಂದು ಒಪ್ಪಲಿಲ್ಲ. ಅಜ್ಜನ ಗರಡಿಯಲ್ಲಿ ಸರಿಯಾಗಿಯೇ ಪಳಗುತ್ತಿದ್ದಾನೆ.